‘ಸರ್ವರ್ ಇಲ್ಲ’ ಎಂದರೆ ಇಲ್ಲವಾದದ್ದು ಯಾವುದು? ಕ್ಲೌಡ್ ಸೇವೆಗಳ ಮೂರು ಅಂತಸ್ತುಗಳು

ಸುಂಟಿಕೊಪ್ಪ: ಮಡಿಕೇರಿ ಹಾಗೂ ಕುಶಾಲನಗರಗಳ ನಡುವೆ, ರಾಷ್ಟ್ರೀಯ ಹೆದ್ದಾರಿ 275ರ ಇಕ್ಕೆಲಗಳಲ್ಲಿ ಹಬ್ಬಿಕೊಂಡಿರುವ ಈ ಹೋಬಳಿ ಪಟ್ಟಣಕ್ಕೆ ಮೋಡ ಹೊಸದೇನಲ್ಲ. ಜೂನ್ ಬಂತೆಂದರೆ ಸುತ್ತಲಿನ ಕಾಫಿ ತೋಟಗಳ ಮೇಲೆ ಅದು ಕವಿದೇ ಇರುತ್ತದೆ. ಆದರೆ ಪಹಣಿಗಾಗಿ, ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕಾಗಿ, ಸಹಕಾರ ಸಂಘದ ಸಾಲದ ಕಾಗದಪತ್ರಗಳಿಗಾಗಿ ಸರದಿಯಲ್ಲಿ ನಿಲ್ಲುವವರ ಪಾಲಿಗೆ ಈಚಿನ ವರ್ಷಗಳಲ್ಲಿ ಇನ್ನೊಂದು ಬಗೆಯ ಮೋಡ ಮುಖ್ಯವಾಗತೊಡಗಿದೆ. ಗಣಕಲೋಕದಲ್ಲಿ ಇದಕ್ಕೆ ‘ಕ್ಲೌಡ್ ಕಂಪ್ಯೂಟಿಂಗ್’ ಎಂದು ಹೆಸರು. ಜನಸಾಮಾನ್ಯರಿಗೆ ಅದರ ಪರಿಚಯವಾಗುವುದು ಮಾತ್ರ ಎರಡೇ ಪದಗಳಲ್ಲಿ: ‘ಸರ್ವರ್ ಇಲ್ಲ’.

ರಾಜ್ಯದ ಯಾವುದೇ ಊರಿನ ಸರ್ಕಾರಿ ಕಚೇರಿ, ಬ್ಯಾಂಕು, ನ್ಯಾಯಬೆಲೆ ಅಂಗಡಿಗಳಲ್ಲಿ ಈ ಮಾತು ಕೇಳದವರು ವಿರಳ. ಕೇಳಿದವರು ಮರುಮಾತಾಡದೆ ಮನೆಗೆ ಹಿಂದಿರುಗುವುದೂ ರೂಢಿಯಾಗಿದೆ. ಆದರೆ ಇಲ್ಲವಾದದ್ದು ನಿಜಕ್ಕೂ ಯಾವುದು? ಕಚೇರಿಯ ವಿದ್ಯುತ್ತೇ, ಊರಿನ ಕೇಬಲ್ಲೇ, ನೂರಾರು ಕಿಲೋಮೀಟರ್ ಆಚೆಯ ಯಂತ್ರವೇ, ಆ ಯಂತ್ರದೊಳಗಿನ ತಂತ್ರಾಂಶವೇ ಅಥವಾ ಸಿಬ್ಬಂದಿಯ ಪಾಸ್‌ವರ್ಡ್ ಅವಧಿ ಮುಗಿದಿದೆಯೇ? ಇವೆಲ್ಲಕ್ಕೂ ಒಂದೇ ಹೆಸರು ಬಿದ್ದಿರುವುದರಿಂದ ಯಾರನ್ನು ಕೇಳಬೇಕೆಂಬುದೇ ತಿಳಿಯದಾಗಿದೆ. ಕ್ಲೌಡ್ ಸೇವೆಗಳ ಮಾದರಿಗಳನ್ನು ಅರ್ಥಮಾಡಿಕೊಳ್ಳುವುದು ಎಂಜಿನಿಯರುಗಳಿಗೆ ಮಾತ್ರ ಸಂಬಂಧಿಸಿದ ವಿಷಯವಲ್ಲ ಎನ್ನಲು ಇಷ್ಟು ಕಾರಣ ಸಾಕು.

ತಾಲ್ಲೂಕು ಕಚೇರಿಯ ಕೋಣೆಯಿಂದ ಬೆಂಗಳೂರಿಗೆ

ಕರ್ನಾಟಕದಲ್ಲಿ ಈ ಬದಲಾವಣೆಯನ್ನು ನೋಡಲು ಪಹಣಿಗಿಂತ ಉತ್ತಮ ಉದಾಹರಣೆ ಸಿಗಲಾರದು. 2000-01ರ ವೇಳೆಗೆ ರಾಜ್ಯಾದ್ಯಂತ ಜಾರಿಗೊಂಡ ‘ಭೂಮಿ’ ಯೋಜನೆ ಸುಮಾರು 67 ಲಕ್ಷ ಹಿಡುವಳಿದಾರರಿಗೆ ಸೇರಿದ 2 ಕೋಟಿಯಷ್ಟು ಪಹಣಿಗಳನ್ನು ಗಣಕಕ್ಕೆ ಏರಿಸಿತು. ಅಲ್ಲಿಯವರೆಗೆ ಇವು 9 ಸಾವಿರದಷ್ಟು ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕಗಳಲ್ಲಿದ್ದವು. ತಂತ್ರಾಂಶವನ್ನು ರೂಪಿಸಿದ್ದು ರಾಷ್ಟ್ರೀಯ ಮಾಹಿತಿ ಕೇಂದ್ರ, ಅಂದರೆ ಎನ್‌ಐಸಿ. ರೈತರು ತಾಲ್ಲೂಕು ಕಚೇರಿಯ ಕಿಯಾಸ್ಕ್‌ಗೆ ಬಂದು 15 ರೂಪಾಯಿ ನೀಡಿ ಮುದ್ರಿತ ಪಹಣಿ ಪಡೆಯುತ್ತಿದ್ದರು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಆಗ ಸರ್ವರ್ ಎಂಬುದು ಕಣ್ಣಿಗೆ ಕಾಣುವ ವಸ್ತುವಾಗಿತ್ತು. ಪ್ರತಿ ತಾಲ್ಲೂಕು ಕಚೇರಿಯಲ್ಲೂ ಒಂದು ಕೋಣೆ, ಆ ಕೋಣೆಯಲ್ಲೊಂದು ಯಂತ್ರ, ಆ ಯಂತ್ರದೊಳಗೆ ಆ ತಾಲ್ಲೂಕಿನ ಪಹಣಿಗಳು. ಅಂದು ಸೋಮವಾರಪೇಟೆ ತಾಲ್ಲೂಕಿನಲ್ಲಿದ್ದ ಸುಂಟಿಕೊಪ್ಪ ಹೋಬಳಿಯ ರೈತರ ‘ಸರ್ವರ್’ ಸೋಮವಾರಪೇಟೆಯಲ್ಲಿತ್ತು. ಅದು ಕೆಟ್ಟರೆ ಕೆಟ್ಟದ್ದು ಅದೇ. ರಿಪೇರಿಗೆ ಯಾರು ಬರಬೇಕು, ಎಲ್ಲಿಗೆ ಬರಬೇಕು ಎಂಬುದರಲ್ಲಿ ಗೊಂದಲವಿರಲಿಲ್ಲ. ಆದರೆ ಬ್ಯಾಟರಿ, ಜನರೇಟರ್, ಪ್ರತಿಗಳನ್ನು ತೆಗೆದಿಡುವ ಕೆಲಸ, ವೈರಸ್ ನಿವಾರಣೆ ಇವೆಲ್ಲವನ್ನೂ ನೂರೆಪ್ಪತ್ತಕ್ಕೂ ಹೆಚ್ಚು ಕಡೆ ಬೇರೆಬೇರೆಯಾಗಿ ಮಾಡಬೇಕಾಗಿತ್ತು.

ಮುಂದಿನ ವರ್ಷಗಳಲ್ಲಿ ಈ ದಾಖಲೆಗಳು ಬೆಂಗಳೂರಿನ ಕೇಂದ್ರೀಕೃತ ವ್ಯವಸ್ಥೆಗೆ, ಬಳಿಕ ರಾಜ್ಯ ದತ್ತಾಂಶ ಕೇಂದ್ರಕ್ಕೆ ಸೇರಿದವು. ಮೊದಲು ‘ನೆಮ್ಮದಿ’ ಕೇಂದ್ರಗಳು, 2012ರ ಕೊನೆಯಿಂದ ನಾಡಕಚೇರಿಗಳ ಅಟಲ್‌ಜೀ ಜನಸ್ನೇಹಿ ಕೇಂದ್ರಗಳು ಹೋಬಳಿ ಮಟ್ಟದಲ್ಲೇ ಸೇವೆ ನೀಡತೊಡಗಿದವು. ಈಗ ಕುಶಾಲನಗರ ತಾಲ್ಲೂಕಿಗೆ ಸೇರಿರುವ ಸುಂಟಿಕೊಪ್ಪದ ಪಹಣಿಗೆ ಯಾರೂ ಸೋಮವಾರಪೇಟೆಯ ದಾರಿ ಹಿಡಿಯಬೇಕಿಲ್ಲ. ದಾಖಲೆ ರೈತರಿಗೆ ಹತ್ತಿರವಾಯಿತು, ದಾಖಲೆಯಿರುವ ಯಂತ್ರ ಮಾತ್ರ ದೂರವಾಯಿತು. ‘ಸರ್ವರ್ ಇಲ್ಲ’ ಎಂಬ ಮಾತಿನ ಅರ್ಥ ಮಸುಕಾಗತೊಡಗಿದ್ದೂ ಆಗಿನಿಂದಲೇ.

ಮೋಡವೆಂದರೆ ಬಾಡಿಗೆ

ಗಣನೆಯ ಶಕ್ತಿಯನ್ನು ದೂರವಾಣಿಯಂತೆ ಸಾರ್ವಜನಿಕ ಸೇವೆಯಾಗಿ ಒದಗಿಸಬಹುದೆಂಬ ವಿಚಾರವನ್ನು ಅಮೆರಿಕದ ವಿಜ್ಞಾನಿ ಜಾನ್ ಮೆಕಾರ್ಥಿ 1961ರಷ್ಟು ಹಿಂದೆಯೇ ಮುಂದಿಟ್ಟಿದ್ದರು. ಕನ್ನಡಿಗರಿಗೆ ಇದನ್ನು ಅರ್ಥೈಸಲು ಇನ್ನೂ ಹಳೆಯ ಉದಾಹರಣೆಯುಂಟು. ಕೊಡಗಿನಲ್ಲಿ ಹುಟ್ಟುವ ಕಾವೇರಿ ಶಿವನಸಮುದ್ರದಲ್ಲಿ ಧುಮುಕುವೆಡೆ 1902ರಲ್ಲಿ ಉತ್ಪಾದನೆಯಾದ ವಿದ್ಯುತ್ತು ನೂರೈವತ್ತು ಕಿಲೋಮೀಟರುಗಳಷ್ಟು ದೂರದ ಕೋಲಾರ ಚಿನ್ನದ ಗಣಿಗಳಿಗೆ ಹರಿಯಿತು. ಅಲ್ಲಿಯತನಕ ಗಣಿಗಳು ತಮ್ಮದೇ ಉಗಿಯಂತ್ರಗಳನ್ನು ನಡೆಸಬೇಕಿತ್ತು. ತಂತಿ ಬಂದ ಮೇಲೆ ವಿದ್ಯುತ್ತಿಗೆ ಹಣ ನೀಡಿದರೆ ಸಾಕಾಯಿತು. ವಿದ್ಯುತ್ ಎಲ್ಲಿ ಹುಟ್ಟಿತೆಂಬುದು ಗಣಿಗಾರನ ಚಿಂತೆಯಾಗಿ ಉಳಿಯಲಿಲ್ಲ. ಆದರೆ ತಂತಿ ಕಡಿದರೆ ಏನೆಂಬ ಹೊಸ ಚಿಂತೆ ಹುಟ್ಟಿಕೊಂಡಿತು!

ಕ್ಲೌಡ್ ಕೂಡ ಇದೇ ರೀತಿಯದು. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ ‘ನಿಸ್ಟ್’ 2011ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ವ್ಯಾಖ್ಯೆಯೇ ಇಂದಿಗೂ ಎಲ್ಲರೂ ಒಪ್ಪುವ ವ್ಯಾಖ್ಯೆ. ಅದರಂತೆ ಕ್ಲೌಡ್ ಎನ್ನಿಸಿಕೊಳ್ಳಲು ಐದು ಲಕ್ಷಣಗಳಿರಬೇಕು. ಬೇಕೆಂದಾಗ ಬಳಕೆದಾರ ತಾನೇ ಪಡೆಯುವಂತಿರಬೇಕು, ಜಾಲದ ಮೂಲಕ ಎಲ್ಲೆಡೆಯಿಂದ ದೊರಕಬೇಕು, ಒಂದೇ ಸಂಪನ್ಮೂಲವನ್ನು ಹಲವರು ಹಂಚಿಕೊಳ್ಳಬೇಕು, ಬೇಡಿಕೆಗೆ ತಕ್ಕಂತೆ ಹಿಗ್ಗಬೇಕು, ಕುಗ್ಗಬೇಕು, ಬಳಸಿದಷ್ಟನ್ನು ಅಳೆಯುವಂತಿರಬೇಕು. ಈ ಪೈಕಿ ನಾಲ್ಕನೆಯದರ ಬೆಲೆ ತಿಳಿಯುವುದು ಅದು ಸಾಲದೆ ಬಂದಾಗ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಲಕ್ಷಾಂತರ ಮಂದಿ ಒಂದೇ ಗಳಿಗೆಯಲ್ಲಿ ಒಂದೇ ಜಾಲತಾಣದ ಬಾಗಿಲು ತಟ್ಟುತ್ತಾರೆ; ಮರುವಾರ ಅಲ್ಲಿ ಸುಳಿಯುವವರೇ ಇರುವುದಿಲ್ಲ. 2023ರ ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಗೃಹಜ್ಯೋತಿ, ಗೃಹಲಕ್ಷ್ಮಿ ಯೋಜನೆಗಳ ನೋಂದಣಿ ಆರಂಭವಾದಾಗ ಸರ್ವರ್ ನಿಧಾನವಾಗಿದೆಯೆಂಬ ದೂರು ಜಿಲ್ಲೆ ಜಿಲ್ಲೆಗಳಿಂದ ಕೇಳಿಬಂದದ್ದು ಓದುಗರಿಗೆ ನೆನಪಿರಬಹುದು. ಒಂದು ತಿಂಗಳ ನೂಕುನುಗ್ಗಲಿಗಾಗಿ ಯಂತ್ರಗಳನ್ನು ಕೊಂಡು ಉಳಿದ ಹನ್ನೊಂದು ತಿಂಗಳು ಸುಮ್ಮನೆ ಇಡುವುದು ದುಂದು. ಕೊಳ್ಳದಿದ್ದರೆ ಜನ ಬಿಸಿಲಲ್ಲಿ ನಿಲ್ಲಬೇಕು. ಬಾಡಿಗೆಯ ಲೆಕ್ಕಾಚಾರ ಹುಟ್ಟುವುದು ಇಲ್ಲಿಂದಲೇ.

ಕಣ, ಕ್ಯೂರಿಂಗ್ ಮತ್ತು ಕಪ್ಪು

‘ನಿಸ್ಟ್’ ವ್ಯಾಖ್ಯೆಯೇ ಮೂರು ಸೇವಾ ಮಾದರಿಗಳನ್ನೂ ಹೆಸರಿಸಿದೆ. ‘ಇನ್‌ಫ್ರಾಸ್ಟ್ರಕ್ಚರ್ ಆಸ್ ಎ ಸರ್ವಿಸ್’ ಅಥವಾ ಮೂಲಸೌಕರ್ಯ ಸೇವೆ. ‘ಪ್ಲಾಟ್‌ಫಾರ್ಮ್ ಆಸ್ ಎ ಸರ್ವಿಸ್’ ಅಥವಾ ವೇದಿಕೆ ಸೇವೆ. ‘ಸಾಫ್ಟ್‌ವೇರ್ ಆಸ್ ಎ ಸರ್ವಿಸ್’ ಅಥವಾ ತಂತ್ರಾಂಶ ಸೇವೆ. ಗಣಕ ವೃತ್ತಿಯವರು ಇವನ್ನು ‘ಐಯಾಸ್’, ‘ಪಾಸ್’, ‘ಸಾಸ್’ ಎಂದು ಮೊಟಕುಗೊಳಿಸುತ್ತಾರಾದರೂ ಕನ್ನಡದ ಕಿವಿಗೆ ಎರಡನೆಯದು ಪರೀಕ್ಷೆಯಂತೆಯೂ ಮೂರನೆಯದು ಹೋಟೆಲಿನ ಮೇಜಿನ ಬಾಟಲಿಯಂತೆಯೂ ಕೇಳಿಸುವುದರಿಂದ ಇಲ್ಲಿ ಕನ್ನಡದ ಹೆಸರುಗಳನ್ನೇ ಬಳಸಲಾಗಿದೆ.

ಕಾಫಿ ನಾಡಿನಲ್ಲಿ ಇದನ್ನು ವಿವರಿಸುವುದು ಸುಲಭ. ಕೊಯ್ದ ಹಣ್ಣನ್ನು ಒಣಗಿಸಲು ಬೆಳೆಗಾರನೊಬ್ಬ ನೆರೆಯವರ ಕಣವನ್ನೂ ಗೋದಾಮನ್ನೂ ಬಾಡಿಗೆಗೆ ಪಡೆದನೆನ್ನೋಣ. ಜಾಗ ಅವರದು, ಹರವುವುದು, ಕೆದಕುವುದು, ಮಳೆ ಬಂದರೆ ಟಾರ್ಪಾಲು ಮುಚ್ಚುವುದು ಎಲ್ಲವೂ ಇವನದೇ. ಇದು ಮೂಲಸೌಕರ್ಯ ಸೇವೆ. ಒಣಗಿದ ಕಾಯಿಯನ್ನು ಕುಶಾಲನಗರದ ಕೂಡ್ಲೂರಿನ ಕ್ಯೂರಿಂಗ್ ಕಾರ್ಖಾನೆಗೆ ಒಯ್ದರೆ ಸಿಪ್ಪೆ ತೆಗೆಯುವ, ಗಾತ್ರಕ್ಕೆ ತಕ್ಕಂತೆ ವಿಂಗಡಿಸುವ ಯಂತ್ರಗಳು ಅವರವು, ಅವುಗಳ ನಿರ್ವಹಣೆಯೂ ಅವರದೇ. ಕಾಫಿ ಮಾತ್ರ ಬೆಳೆಗಾರನದು. ತೂಕದ ಲೆಕ್ಕದಲ್ಲಿ ದರ ಕೊಟ್ಟರಾಯಿತು. ಇದು ವೇದಿಕೆ ಸೇವೆ. ಬಸ್ ನಿಲ್ದಾಣದ ಹೋಟೆಲಿಗೆ ಹೋಗಿ ಒಂದು ಕಪ್ಪು ಕಾಫಿ ಕುಡಿದು ಬಿಲ್ಲು ಕೊಟ್ಟು ಬರುವುದು ತಂತ್ರಾಂಶ ಸೇವೆ. ಕುಡಿಯುವವನಿಗೆ ಕಣದ ಚಿಂತೆಯಿಲ್ಲ, ಕ್ಯೂರಿಂಗ್‌ನ ಪರಿವೆಯಿಲ್ಲ. ಆದರೆ ಕಣವೂ ಕ್ಯೂರಿಂಗೂ ಇಲ್ಲದೆ ಆ ಕಪ್ಪು ಮೇಜಿಗೆ ಬಂದಿರುವುದಿಲ್ಲ.

ಈ ಹೋಲಿಕೆ ಒಂದು ಕಡೆ ಮುರಿದುಬೀಳುತ್ತದೆ ಎಂಬುದನ್ನೂ ಹೇಳಬೇಕು. ಹೋಟೆಲಿನಲ್ಲಿ ಕುಡಿದ ಕಾಫಿ ಅಲ್ಲಿಗೇ ಮುಗಿಯಿತು. ತಂತ್ರಾಂಶ ಸೇವೆಯಲ್ಲಿ ಗ್ರಾಹಕ ಎದ್ದುಹೋದ ಮೇಲೂ ಅವನ ಲೆಕ್ಕಪುಸ್ತಕ ಅಲ್ಲೇ ಉಳಿದಿರುತ್ತದೆ. ಆ ವಿಷಯ ಮುಂದೆ ಬರಲಿದೆ.

ಒಂದು ಸೂರು, ಹಲವು ಬಾಗಿಲು

ಮೂರರಲ್ಲಿ ಕೆಳಗಿನ ಅಂತಸ್ತು ಮೂಲಸೌಕರ್ಯ ಸೇವೆ. ಅಮೆಜಾನ್ ಸಂಸ್ಥೆ 2006ರ ಮಾರ್ಚ್‌ನಲ್ಲಿ ದತ್ತಾಂಶ ಸಂಗ್ರಹವನ್ನೂ ಆಗಸ್ಟ್‌ನಲ್ಲಿ ಗಣಕಗಳನ್ನೂ ಬಾಡಿಗೆಗೆ ನೀಡತೊಡಗಿದಾಗ ಇದು ದೊಡ್ಡ ವ್ಯಾಪಾರವಾಯಿತು. 1.75 ಗಿಗಾಬೈಟ್ ಮೆಮೊರಿಯ ಒಂದು ಗಣಕಕ್ಕೆ ಆಗಿನ ದರ ಗಂಟೆಗೆ 10 ಸೆಂಟ್. ಅಲ್ಲಿಯವರೆಗೆ ಸರ್ವರ್ ಬೇಕೆಂದರೆ ಆದೇಶ ನೀಡಿ ವಾರಗಟ್ಟಲೆ ಕಾಯಬೇಕಿತ್ತು.

ಇಲ್ಲಿ ಬಾಡಿಗೆಗೆ ದೊರೆಯುವುದು ಸಾಮಾನ್ಯವಾಗಿ ಇಡೀ ಯಂತ್ರವಲ್ಲ. ಕೊಡಗಿನ ತೋಟಗಳಲ್ಲಿರುವ ಲೈನ್ ಮನೆಗಳನ್ನು ನೆನೆಸಿಕೊಂಡರೆ ಒಳಗಿನ ಏರ್ಪಾಡು ತಿಳಿಯುತ್ತದೆ. ಸೂರು ಒಂದೇ, ತಳಪಾಯ ಒಂದೇ. ನಡುವೆ ಗೋಡೆಯೆಬ್ಬಿಸಿ ಹಲವು ಸಂಸಾರಗಳಿಗೆ ಬೇರೆಬೇರೆ ಬಾಗಿಲು. ಅದೇ ರೀತಿ ‘ಹೈಪರ್‌ವೈಸರ್’ ಎಂಬ ತಂತ್ರಾಂಶ ಒಂದು ದೊಡ್ಡ ಯಂತ್ರವನ್ನು ಹಲವು ‘ವರ್ಚುವಲ್’ ಯಂತ್ರಗಳಾಗಿ ಸೀಳುತ್ತದೆ. ಪ್ರತಿ ಬಾಡಿಗೆದಾರನಿಗೂ ತನ್ನದೇ ಗಣಕವಿದ್ದಂತೆ ಭಾಸವಾಗುತ್ತದೆ, ಪಕ್ಕದವನ ಕಡತ ಕಾಣದು. ಕಟ್ಟಡ, ವಿದ್ಯುತ್, ತಂಪು ಹವೆ, ಯಂತ್ರ, ಗೋಡೆ ಇವು ಮಾಲೀಕನ ಹೊಣೆ. ಬಾಗಿಲಿಗೆ ಬೀಗ ಹಾಕುವುದು, ಆಪರೇಟಿಂಗ್ ಸಿಸ್ಟಮ್ ಹೂಡುವುದು, ಅದಕ್ಕೆ ಕಾಲಕಾಲಕ್ಕೆ ತೇಪೆ ಹಚ್ಚುವುದು ಬಾಡಿಗೆದಾರನ ಹೊಣೆ. ಈ ಎರಡನೆಯ ಭಾಗ ಮರೆತುಹೋಗುವುದೇ ಹೆಚ್ಚು.

ಅಂದ ಹಾಗೆ, ದೇಶದ ಐ.ಟಿ. ರಾಜಧಾನಿಯೆನಿಸಿದ ಬೆಂಗಳೂರು ಈ ವಿಷಯದಲ್ಲಿ ಮುಂಚೂಣಿಯಲ್ಲಿಲ್ಲ ಎಂಬುದು ಹಲವರಿಗೆ ಅಚ್ಚರಿ ತರಬಹುದು. ಮೈಕ್ರೋಸಾಫ್ಟ್ 2015ರಲ್ಲಿ ಪುಣೆ, ಚೆನ್ನೈ, ಮುಂಬೈಗಳನ್ನು ಆರಿಸಿಕೊಂಡಿತು. ಅಮೆಜಾನ್ 2016ರಲ್ಲಿ ಮುಂಬೈಗೂ 2022ರಲ್ಲಿ ಹೈದರಾಬಾದಿಗೂ ಬಂದಿತು. ಗೂಗಲ್‌ನದು 2017ರಲ್ಲಿ ಮುಂಬೈ, 2021ರಲ್ಲಿ ದೆಹಲಿ. ಸಮುದ್ರದಡಿಯ ಕೇಬಲ್ಲುಗಳು ದಡ ಸೇರುವ ಊರುಗಳಿಗೆ ಇಲ್ಲಿ ಅನುಕೂಲ ಹೆಚ್ಚು. ಕ್ಲೌಡ್ ನಡೆಸುವ ತಂತ್ರಾಂಶ ಬರೆಯುವವರು ಬೆಂಗಳೂರಿನಲ್ಲಿ ತುಂಬಿದ್ದಾರೆ, ಅದರ ಯಂತ್ರಗಳು ಬೇರೆ ಊರುಗಳಲ್ಲಿ ಗುಡುಗುತ್ತವೆ.

ಒಂದರ ಮೇಲೊಂದು

ಮೂರು ಮಾದರಿಗಳು ಅಂಗಡಿಯ ಕಪಾಟಿನಲ್ಲಿ ಅಕ್ಕಪಕ್ಕ ಇಟ್ಟ ಮೂರು ಸರಕುಗಳೆಂಬ ಭಾವನೆ ಸಾಮಾನ್ಯವಾಗಿದೆ. ವಾಸ್ತವದಲ್ಲಿ ಅವು ಒಂದರ ಮೇಲೊಂದು ನಿಂತ ಅಂತಸ್ತುಗಳು. ಒಂದು ಕಾಲ್ಪನಿಕ ಉದಾಹರಣೆಯಿಂದ ಇದನ್ನು ನೋಡಬಹುದು.

ಕೊಡಗಿನ ಬೆಳೆಗಾರರಿಗೆ ಮಳೆ ಅಳೆಯುವುದು ನಿತ್ಯವಿಧಿ. ಬೆಳಿಗ್ಗೆ ಎದ್ದು ಇಂಚು, ಸೆಂಟುಗಳಲ್ಲಿ ಬರೆದಿಡದ ತೋಟವಿಲ್ಲ. ಫೆಬ್ರುವರಿ, ಮಾರ್ಚ್ ತಿಂಗಳ ಹೂಮಳೆಯ ಲೆಕ್ಕವನ್ನಂತೂ ವರ್ಷಗಟ್ಟಲೆ ನೆನಪಿಡುತ್ತಾರೆ. ಈ ಲೆಕ್ಕವನ್ನು ಮೊಬೈಲಿನಲ್ಲಿ ದಾಖಲಿಸಿ ನೆರೆಯ ತೋಟಗಳೊಂದಿಗೆ ಹೋಲಿಸುವ ತಂತ್ರಾಂಶವೊಂದನ್ನು ಎಂಜಿನಿಯರಿಂಗ್ ವಿದ್ಯಾರ್ಥಿನಿಯೊಬ್ಬಳು ಬರೆದಳೆಂದು ಭಾವಿಸೋಣ. ಮೂಲಸೌಕರ್ಯ ಸೇವೆಯನ್ನು ಆರಿಸಿಕೊಂಡರೆ ಆಕೆ ಆಪರೇಟಿಂಗ್ ಸಿಸ್ಟಮ್ ಹೂಡಬೇಕು, ದತ್ತಸಂಚಯ ನಿಲ್ಲಿಸಬೇಕು, ರಾತ್ರಿ ಎರಡು ಗಂಟೆಗೆ ಯಂತ್ರ ಸ್ತಬ್ಧವಾದರೆ ತಾನೇ ಏಳಬೇಕು. ವೇದಿಕೆ ಸೇವೆಯಲ್ಲಿ ತಾನು ಬರೆದ ಕೋಡನ್ನು ಒಪ್ಪಿಸಿದರೆ ಮುಗಿಯಿತು. ಉಳಿದ ಏರ್ಪಾಡು ವೇದಿಕೆಯವರದು. 2008ರ ಏಪ್ರಿಲಿನಲ್ಲಿ ಗೂಗಲ್ ಪರಿಚಯಿಸಿದ ‘ಆ್ಯಪ್ ಎಂಜಿನ್’, ಅದೇ ಕಾಲದ ‘ಹೆರೊಕು’ ಇಂಥವು. ಇನ್ನು ಬೆಳೆಗಾರನಿಗೆ ಇದಾವುದರ ಗೊಡವೆಯೂ ಇಲ್ಲ. ಮೊಬೈಲ್ ತೆರೆದು ‘1 ಇಂಚು 20 ಸೆಂಟು’ ಎಂದು ಬರೆದರಾಯಿತು. ಅವನು ತಂತ್ರಾಂಶ ಸೇವೆಯ ಗ್ರಾಹಕ.

ಇಲ್ಲಿ ವಿದ್ಯಾರ್ಥಿನಿ ಏಕಕಾಲಕ್ಕೆ ಎರಡು ಪಾತ್ರಗಳಲ್ಲಿದ್ದಾಳೆ. ಬೆಳೆಗಾರನಿಗೆ ಆಕೆ ಮಾರಾಟಗಾರ್ತಿ, ವೇದಿಕೆಯವರಿಗೆ ಗ್ರಾಹಕಿ. ವೇದಿಕೆಯವರೂ ಹಾಗೆಯೇ: ಹೆರೊಕು ನಿಂತಿರುವುದು ಅಮೆಜಾನ್‌ನ ಬಾಡಿಗೆ ಯಂತ್ರಗಳ ಮೇಲೆ. ಆದ್ದರಿಂದಲೇ ತಳದ ಅಂತಸ್ತಿನಲ್ಲಿ ಬಿರುಕು ಬಿಟ್ಟರೆ ಮೇಲಿನ ನೂರಾರು ಸೇವೆಗಳು ಒಟ್ಟಿಗೆ ನಿಲ್ಲುತ್ತವೆ. 2025ರ ಅಕ್ಟೋಬರ್ 20ರಂದು ಅಮೆಜಾನ್‌ನ ವರ್ಜೀನಿಯಾ ಕೇಂದ್ರದಲ್ಲಿ ವಿಳಾಸ ಹುಡುಕುವ ವ್ಯವಸ್ಥೆಯೊಂದು ತಪ್ಪಿದಾಗ ಪರಸ್ಪರ ಸಂಬಂಧವೇ ಇಲ್ಲದ ಆಟ, ಬ್ಯಾಂಕು, ಸಂದೇಶ ಸೇವೆಗಳು ಜಗತ್ತಿನಾದ್ಯಂತ ಏಕಕಾಲಕ್ಕೆ ಮುಗ್ಗರಿಸಿದ್ದಕ್ಕೆ ಇದೇ ಕಾರಣ.

ಕಲ್ಪನೆಯನ್ನು ಬಿಟ್ಟು ನೈಜ ಉದಾಹರಣೆಗೆ ಬರುವುದಾದರೆ ಕೊಡಗು ಜಿಲ್ಲಾಡಳಿತದ ಜಾಲತಾಣವನ್ನೇ ನೋಡಬಹುದು. ದೇಶದ ಇತರ ಜಿಲ್ಲೆಗಳ ತಾಣಗಳಂತೆ ಇದೂ ಎನ್‌ಐಸಿ ರೂಪಿಸಿರುವ ‘ಎಸ್‌3ವಾಸ್’ ಎಂಬ ಸೇವೆಯಿಂದ ನಡೆಯುತ್ತದೆ. ಹೆಸರೇ ಸೂಚಿಸುವಂತೆ ‘ಜಾಲತಾಣವೇ ಒಂದು ಸೇವೆ’. ಮಡಿಕೇರಿಯಲ್ಲಿ ಕುಳಿತ ಸಿಬ್ಬಂದಿ ಪ್ರಕಟಣೆ, ಚಿತ್ರ, ದೂರವಾಣಿ ಸಂಖ್ಯೆಗಳನ್ನು ತುಂಬಿದರೆ ಸಾಕು. ಪುಟದ ಅಚ್ಚು, ಭದ್ರತೆ, ಯಂತ್ರಗಳು ಎಲ್ಲವೂ ಎನ್‌ಐಸಿಯವು. ಅಡಿಯಲ್ಲಿರುವುದು ಕೇಂದ್ರ ಸರ್ಕಾರದ ‘ಮೇಘರಾಜ್’ ಯೋಜನೆಯಡಿ 2014ರ ಫೆಬ್ರುವರಿಯಲ್ಲಿ ಆರಂಭವಾದ ರಾಷ್ಟ್ರೀಯ ಕ್ಲೌಡ್. ತಾಣದಲ್ಲಿ ಹಳೆಯ ದೂರವಾಣಿ ಸಂಖ್ಯೆ ಉಳಿದಿದ್ದರೆ ಕೇಳಬೇಕಾದದ್ದು ಜಿಲ್ಲಾಡಳಿತವನ್ನು, ತಾಣವೇ ತೆರೆಯದಿದ್ದರೆ ಎನ್‌ಐಸಿಯನ್ನು. ಇಷ್ಟು ಸ್ಪಷ್ಟವಾಗಿ ಗೆರೆ ಎಳೆಯಲು ಸಾಧ್ಯವಾಗುವುದೇ ಸೇವಾ ಮಾದರಿಗಳ ಪ್ರಯೋಜನ.

ಸಹಕಾರ ಸಂಘದ ಲೆಡ್ಜರ್

ಹಳ್ಳಿಗಳ ಮಟ್ಟಿಗೆ ಇದಕ್ಕಿಂತ ಮಹತ್ವದ ಬೆಳವಣಿಗೆ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳಲ್ಲಿ ನಡೆಯುತ್ತಿದೆ. 63 ಸಾವಿರ ಸಂಘಗಳನ್ನು 2,516 ಕೋಟಿ ರೂಪಾಯಿ ವೆಚ್ಚದಲ್ಲಿ ಗಣಕೀಕರಿಸುವ ಯೋಜನೆಗೆ ಕೇಂದ್ರ ಸಚಿವ ಸಂಪುಟ 2022ರ ಜೂನ್ 29ರಂದು ಒಪ್ಪಿಗೆ ನೀಡಿತು. ನಬಾರ್ಡ್ ಮೇಲ್ವಿಚಾರಣೆಯ ಈ ಯೋಜನೆಯಲ್ಲಿ ಕರ್ನಾಟಕವೂ ಸೇರಿದೆ. ಸಂಘಗಳಿಗೆ ದೊರೆಯುವುದು ಯಂತ್ರಾಂಶ, ತರಬೇತಿ ಮತ್ತು ಕ್ಲೌಡ್ ಆಧಾರಿತ ಏಕರೂಪದ ತಂತ್ರಾಂಶ. ಅಂದರೆ ಸಂಘವು ಮೇಲಿನ ಅಂತಸ್ತಿನಲ್ಲಿ, ತಂತ್ರಾಂಶ ಸೇವೆಯ ಬಳಕೆದಾರನಾಗಿ ನಿಲ್ಲುತ್ತದೆ.

ಮೂರ್ನಾಲ್ಕು ಮಂದಿ ಸಿಬ್ಬಂದಿಯ ಸಂಘಕ್ಕೆ ಇದು ತಕ್ಕ ಆಯ್ಕೆ ಎನ್ನದೆ ವಿಧಿಯಿಲ್ಲ. ಮುಂಗಾರಿಗೆ ಮುನ್ನ ಸಿಡಿಲಿನ ಹೊಡೆತಕ್ಕೆ ಮೋಡೆಮ್‌ಗಳು ಸುಟ್ಟುಹೋಗುವ ಸೀಮೆಯಲ್ಲಿ ಸಂಘದ ಮೂಲೆಯೊಂದರಲ್ಲಿ ಸ್ವಂತ ಸರ್ವರ್ ಇಟ್ಟು ಅದರ ಯೋಗಕ್ಷೇಮ ನೋಡಿಕೊಳ್ಳುವುದು ಯಾರಿಂದಾಗಬೇಕು? ಆದರೆ ಮೇಲಿನ ಅಂತಸ್ತಿಗೆ ಹತ್ತಿದಷ್ಟೂ ಗ್ರಾಹಕನ ಕೆಲಸದ ಜೊತೆಗೆ ಹಿಡಿತವೂ ಕಡಿಮೆಯಾಗುತ್ತದೆ. ಬಡ್ಡಿ ಲೆಕ್ಕದ ಒಂದು ಕಾಲಂ ಬದಲಾಗಬೇಕೆಂದರೂ ಸಂಘ ತಾನೇ ಬದಲಿಸುವಂತಿಲ್ಲ, ತಂತ್ರಾಂಶ ನೀಡಿದವರಿಗೆ ಬರೆದು ಕಾಯಬೇಕು. ಸಂಘದ ಕೈಯಲ್ಲೇ ಉಳಿಯುವ ಕೆಲಸಗಳೂ ಇವೆ: ಸರಿಯಾದ ಅಂಕಿ ನಮೂದಿಸುವುದು, ಪಾಸ್‌ವರ್ಡನ್ನು ಗೋಡೆಗೆ ಅಂಟಿಸದಿರುವುದು, ಕೆಲಸ ಬಿಟ್ಟವರ ಖಾತೆಯನ್ನು ಅಂದೇ ಮುಚ್ಚುವುದು.

ಕೆಟ್ಟರೆ ಯಾರ ಹೊಣೆ

ಹೊಣೆಯ ಗೆರೆಯನ್ನು ಮರೆತರೆ ಏನಾಗುತ್ತದೆಂಬುದಕ್ಕೆ ದೊಡ್ಡ ಸಂಸ್ಥೆಗಳೇ ಸಾಕ್ಷಿ ಒದಗಿಸಿವೆ. 2019ರಲ್ಲಿ ಅಮೆರಿಕದ ‘ಕ್ಯಾಪಿಟಲ್ ಒನ್’ ಬ್ಯಾಂಕಿನ ಸುಮಾರು 10 ಕೋಟಿ ಅಮೆರಿಕನ್ನರ ವಿವರ ಸೋರಿಹೋಯಿತು. ಕಳ್ಳರಿಗೆ ದಾರಿಯಾದದ್ದು ಬ್ಯಾಂಕು ಸರಿಯಾಗಿ ಹೊಂದಿಸದೆ ಬಿಟ್ಟ ರಕ್ಷಣಾಗೋಡೆ. ಯಂತ್ರಗಳು ಅಮೆಜಾನ್‌ನವೇ ಆಗಿದ್ದರೂ ನಿಯಂತ್ರಕರು 8 ಕೋಟಿ ಡಾಲರ್ ದಂಡ ವಿಧಿಸಿದ್ದು ಬ್ಯಾಂಕಿಗೆ. ಬೀಗ ಬಾಡಿಗೆದಾರನದು ಎಂಬ ಹಿಂದಿನ ಮಾತನ್ನು ಇಲ್ಲಿ ನೆನೆಯಬಹುದು.

ದಕ್ಷಿಣ ಕೊರಿಯಾದ ಪ್ರಕರಣ ಇನ್ನೂ ಕಳವಳಕಾರಿ. 2025ರ ಸೆಪ್ಟೆಂಬರ್ 26ರಂದು ಡೇಜಾನ್ ನಗರದ ಸರ್ಕಾರಿ ದತ್ತಾಂಶ ಕೇಂದ್ರದಲ್ಲಿ ಲಿಥಿಯಂ ಬ್ಯಾಟರಿಗಳಿಗೆ ಬೆಂಕಿ ಹತ್ತಿ ನೂರಾರು ಸರ್ಕಾರಿ ಸೇವೆಗಳು ಸ್ಥಗಿತಗೊಂಡವು. ನೌಕರರು ಕಡತಗಳನ್ನು ಇಡುತ್ತಿದ್ದ ‘ಜಿ ಡ್ರೈವ್’ ಎಂಬ ಕ್ಲೌಡ್ ಸಂಗ್ರಹಕ್ಕೆ ಹೊರಗೆಲ್ಲೂ ಪ್ರತಿ ಇರಲಿಲ್ಲ. 858 ಟೆರಾಬೈಟ್ ದತ್ತಾಂಶ ಬೂದಿಯಾಯಿತು. ಇದಕ್ಕೆ ವ್ಯತಿರಿಕ್ತವಾದದ್ದು ಆಸ್ಟ್ರೇಲಿಯದ ಪಿಂಚಣಿ ನಿಧಿ ‘ಯೂನಿಸೂಪರ್’ನ ಅನುಭವ. 2024ರ ಮೇ ತಿಂಗಳಲ್ಲಿ ಗೂಗಲ್ ಕ್ಲೌಡ್‌ನಲ್ಲಿನ ಅದರ ಖಾಸಗಿ ಕ್ಲೌಡ್ ತಪ್ಪಿನಿಂದ ಅಳಿಸಿಹೋದರೂ ಬೇರೊಂದು ಕಂಪನಿಯಲ್ಲಿ ಇರಿಸಿದ್ದ ಪ್ರತಿಯ ನೆರವಿನಿಂದ ನಿಧಿ ಚೇತರಿಸಿಕೊಂಡಿತು. ಕ್ಲೌಡ್‌ನಲ್ಲಿದೆ ಎಂದರೆ ಪ್ರತಿ ಇದೆ ಎಂದರ್ಥವಲ್ಲ. ಪ್ರತಿ ಎಲ್ಲಿದೆ, ಎಷ್ಟು ದಿನದ ಹಿಂದಿನದು ಎಂಬುದನ್ನು ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಕೇಳಿ ತಿಳಿಯಬೇಕು.

ಭಾರತದ ಕಾನೂನೂ ಇದೇ ದಿಕ್ಕಿನಲ್ಲಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಜನರ ವಿವರ ಪಡೆದ ಸಂಸ್ಥೆಯು ಅದನ್ನು ಸಂಸ್ಕರಿಸಲು ಇನ್ನೊಬ್ಬರಿಗೆ ಒಪ್ಪಿಸಿದ್ದರೂ ಹೊಣೆ ಮೂಲ ಸಂಸ್ಥೆಯದೇ. ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿದ್ದು ಹಂತಹಂತವಾಗಿ ಜಾರಿಗೊಳ್ಳಲಿವೆ. ಅತಿಥಿಗಳ ಗುರುತಿನ ಚೀಟಿಯ ಚಿತ್ರಗಳನ್ನು ಯಾವುದೋ ಆನ್‌ಲೈನ್ ಸಂಗ್ರಹದಲ್ಲಿ ಪೇರಿಸಿಡುವ ಕೊಡಗಿನ ಹೋಂಸ್ಟೇಗಳು ಇದನ್ನು ಗಮನಿಸುವುದು ಒಳಿತು.

ತೊರೆಯುವ ದಾರಿಯ ಪ್ರಶ್ನೆಯೂ ಇದೆ. ಬಾಡಿಗೆ ಯಂತ್ರವನ್ನು ಬಿಟ್ಟು ಇನ್ನೊಬ್ಬರ ಯಂತ್ರಕ್ಕೆ ಹೋಗುವುದು ಶ್ರಮದ ಕೆಲಸವಾದರೂ ಸಾಧ್ಯ. ವೇದಿಕೆಯೊಂದರ ರೀತಿನೀತಿಗೆ ತಕ್ಕಂತೆ ಬರೆದ ಕೋಡನ್ನು ಬೇರೆಡೆಗೆ ಒಯ್ಯಲು ಅರ್ಧ ಮತ್ತೆ ಬರೆಯಬೇಕಾದೀತು. ತಂತ್ರಾಂಶ ಸೇವೆಯಿಂದ ಹತ್ತು ವರ್ಷದ ಲೆಕ್ಕಪುಸ್ತಕ ಹೊರತೆಗೆಯಲು ಅವರು ಬಾಗಿಲಿಟ್ಟಿದ್ದರೆ ಮಾತ್ರ ಉಂಟು.

ತಂತಿಯ ಈಚೆ ತುದಿ

2018ರ ಆಗಸ್ಟ್ ಮಧ್ಯಭಾಗದ ಮಹಾಮಳೆಯಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲ ಮುಂತಾದೆಡೆ ಗುಡ್ಡಗಳು ಕುಸಿದು ಮನೆಗಳೊಂದಿಗೆ ಪೆಟ್ಟಿಗೆಯಲ್ಲಿದ್ದ ಕಾಗದಪತ್ರಗಳೂ ಮಣ್ಣುಪಾಲಾದವು. ಜಮೀನೇ ಕೊಚ್ಚಿಹೋಗಿದ್ದರೂ ಅದರ ಪಹಣಿ ಬೆಂಗಳೂರಿನಲ್ಲಿ ಭದ್ರವಾಗಿತ್ತು. ಆದರೆ ಅದೇ ದಿನಗಳಲ್ಲಿ ವಿದ್ಯುತ್ ಕಂಬಗಳು ಉರುಳಿ, ಟವರುಗಳು ಮೌನವಾಗಿ, ಎಷ್ಟೋ ಊರುಗಳು ಹೊರಜಗತ್ತಿನ ಸಂಪರ್ಕವನ್ನೇ ಕಳೆದುಕೊಂಡಿದ್ದವು. ದಾಖಲೆ ಉಳಿಯುವುದೂ ಅದು ಕೈಗೆಟುಕುವುದೂ ಬೇರೆಬೇರೆ. ‘ನಿಸ್ಟ್’ನ ಮೂರು ಮಾದರಿಗಳಲ್ಲಿ ಈಚೆ ತುದಿಯ ತಂತಿಗೆ ಜಾಗವಿಲ್ಲ. ಬೆಟ್ಟದ ಸೀಮೆಯಲ್ಲಿ ಅದೇ ಮೊದಲ ಅಂತಸ್ತು ಎನ್ನಬೇಕಾಗುತ್ತದೆ.

ಹಾಗಾದರೆ ಕೌಂಟರಿನಲ್ಲಿ ‘ಸರ್ವರ್ ಇಲ್ಲ’ ಎಂದಾಗ ಏನು ಕೇಳಬೇಕು? ಕಚೇರಿಯ ಗಣಕದಲ್ಲಿ ಬೇರೆ ಯಾವುದಾದರೂ ಜಾಲತಾಣ ತೆರೆಯುತ್ತದೆಯೇ ಎಂಬುದು ಮೊದಲ ಪ್ರಶ್ನೆ. ಯಾವುದೂ ತೆರೆಯದಿದ್ದರೆ ದೋಷ ಊರಿನೊಳಗೇ ಇದೆ. ಕೇಬಲ್ಲಿನವರಿಗೆ ಫೋನು ಮಾಡಬೇಕು. ಉಳಿದವು ತೆರೆದು ಇದೊಂದೇ ತೆರೆಯದಿದ್ದರೆ ನೆರೆಯ ಹೋಬಳಿಯಲ್ಲಿ ವಿಚಾರಿಸಬಹುದು. ಅಲ್ಲೂ ಇಲ್ಲವೆಂದರೆ ದೋಷ ದತ್ತಾಂಶ ಕೇಂದ್ರದಲ್ಲಿ ಅಥವಾ ತಂತ್ರಾಂಶದಲ್ಲಿ ಇರುವ ಸಂಭವ ಹೆಚ್ಚು, ಇಲ್ಲಿನ ಸಿಬ್ಬಂದಿಯನ್ನು ಗದರಿಸಿ ಫಲವಿಲ್ಲ. ಪುಟ ತೆರೆದು, ಹೆಸರು ಮತ್ತು ಪಾಸ್‌ವರ್ಡ್ ಹಾಕಿದಾಗ ಮಾತ್ರ ನಿಂತರೆ ಅದು ಖಾತೆಯ ತೊಡಕು. ಇಲಾಖೆಯವರೇ ಸರಿಪಡಿಸಬಲ್ಲರು.

ಎಲ್ಲವೂ ಸರಿಯಿದ್ದು, ಕ್ಷಣಮಾತ್ರದಲ್ಲಿ ಮುದ್ರಣಗೊಂಡು ಬಂದ ಪಹಣಿಯಲ್ಲಿ ಹೆಸರೇ ತಪ್ಪಿದ್ದರೆ? ಕೊಡಗಿನ ಜಮ್ಮಾ ಹಿಡುವಳಿಗಳಲ್ಲಿ ಕುಟುಂಬದ ಹಿರಿಯ ಪಟ್ಟೇದಾರನ ಹೆಸರೇ ತಲೆಮಾರುಗಳ ಕಾಲ ಉಳಿದು ಬಂದಿರುವ ತೊಡಕು ಗಣಕ ಬಂದ ಮೇಲೂ ಮುಂದುವರಿಯಿತು. ಕೈಬರಹದ ಪುಸ್ತಕದಿಂದ ತಾಲ್ಲೂಕಿನ ಯಂತ್ರಕ್ಕೆ, ಅಲ್ಲಿಂದ ಬೆಂಗಳೂರಿಗೆ ಆ ಹೆಸರು ಹಾಗೆಯೇ ಪಯಣಿಸಿತು. ಅದನ್ನು ಬದಲಿಸಲು ಹಕ್ಕುಬದಲಾವಣೆ ಅಥವಾ ತಿದ್ದುಪಡಿಯ ಅರ್ಜಿ ಬರೆದು, ವಂಶವೃಕ್ಷದ ಕಾಗದ ಲಗತ್ತಿಸಿ, ಕಂದಾಯ ಅಧಿಕಾರಿಗಳ ಆದೇಶಕ್ಕಾಗಿ ಕಾಯುವುದೊಂದೇ ಮಾರ್ಗ.